ನಿಮ್ಮೂರಿನ ಮೇಲೆ ರಾಷ್ಟ್ರೀಯ ಐತಿಹಾಸಿಕ ಹಾದಿ ಹಾದುಹೋದರೆ

'ಐತಿಹಾಸಿಕ' ಎಂಬ ಮಾತು ಕಿವಿಗೆ ಬಿದ್ದರೆ ನಮ್ಮವರಿಗೆ ಮೊದಲು ನೆನಪಾಗುವುದು ಪುರಾತತ್ವ ಇಲಾಖೆಯ ನೀಲಿ ಫಲಕ. ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸದಾಗಿ ಏನೂ ಕಟ್ಟುವಂತಿಲ್ಲ, ಅದರಾಚೆಯ 200 ಮೀಟರಿನಲ್ಲಿ ಅನುಮತಿಯಿಲ್ಲದೆ ಕಟ್ಟುವಂತಿಲ್ಲ. ಅಮೆರಿಕದಲ್ಲಿ ಮನೆಯನ್ನೋ ಜಮೀನನ್ನೋ ಕೊಂಡ ಕನ್ನಡಿಗರು ಅಲ್ಲಿನ 'ರಾಷ್ಟ್ರೀಯ ಐತಿಹಾಸಿಕ ಹಾದಿ'ಗೂ, ಅಂದರೆ ಹಿಂದೆ ಜನ ಓಡಾಡಿದ ದಾರಿಯೆಂದು ಕಾಯ್ದೆಯಲ್ಲಿ ಹೆಸರಿಸಿದ ಹಾದಿಗೂ, ಇದೇ ಲೆಕ್ಕ ಹಾಕಿದರೆ ಪೂರ್ತಿ ತಪ್ಪುತ್ತದೆ. ಅಲ್ಲಿ ನಕ್ಷೆಯ ಮೇಲೆ ಗೆರೆ ಬಿದ್ದ ಮಾತ್ರಕ್ಕೆ ಖಾಸಗಿ ಜಮೀನಿನಲ್ಲಿ ಏನೂ ನಿಲ್ಲುವುದಿಲ್ಲ, ಏನೂ ಶುರುವಾಗುವುದೂ ಇಲ್ಲ. ಹೆದರಿದವರೂ ಆಸೆಪಟ್ಟವರೂ ಇಬ್ಬರೂ ಎಡವುವುದು ಇಲ್ಲೇ.

ರಾಷ್ಟ್ರೀಯ ಹಾದಿಗಳ ಕಾಯ್ದೆ 1968ರದು. 'ಐತಿಹಾಸಿಕ ಹಾದಿ' ಎಂಬ ವರ್ಗ ಅದಕ್ಕೆ ಸೇರಿದ್ದು 1978ರಲ್ಲಿ. ಮೊದಲ ಕಂತಿನಲ್ಲಿ ಬಂದವು ಓರೆಗಾನ್, ಮಾರ್ಮನ್ ಪಯನೀರ್, ಲೂಯಿಸ್ ಮತ್ತು ಕ್ಲಾರ್ಕ್, ಇಡಿಟರಾಡ್ ಎಂಬ ನಾಲ್ಕು. ಇಲ್ಲಿ ಉದಾಹರಣೆಗೆ ಹಿಡಿದಿರುವುದು 1987ರಲ್ಲಿ ಘೋಷಣೆಯಾದ ಸಾಂಟಾ ಫೆ ಹಾದಿಯನ್ನು. 1821ರಿಂದ 1880ರವರೆಗೆ ಮಿಸೌರಿಯಿಂದ ನ್ಯೂ ಮೆಕ್ಸಿಕೋದ ಸಾಂಟಾ ಫೆಗೆ ಸರಕಿನ ಬಂಡಿಗಳು ಓಡಾಡಿದ, ಸುಮಾರು 900 ಮೈಲಿಯ ದಾರಿ ಅದು. ರೈಲು ಬಂತು, ಬಂಡಿ ನಿಂತಿತು. ಇವತ್ತು ಅದರ ಬಹುಪಾಲು ಖಾಸಗಿ ಹೊಲ, ಹುಲ್ಲುಗಾವಲು, ಟಾರು ರಸ್ತೆಗಳ ಅಡಿಯಲ್ಲಿದೆ.

ನಿಮ್ಮ ಹಾದಿಯ ಪ್ಯಾರಾ ಮೊದಲು ಓದಿ

ಹೀಗೆ ಘೋಷಿಸುವ ಅಧಿಕಾರ ಕಾಂಗ್ರೆಸ್ಸಿಗೆ, ಅಂದರೆ ಅಲ್ಲಿನ ಸಂಸತ್ತಿಗೆ ಮಾತ್ರ. ಕಾಯ್ದೆಯ 5ನೇ ಸೆಕ್ಷನ್ನಿನಲ್ಲಿ ಒಂದೊಂದು ಹಾದಿಗೂ ಪ್ರತ್ಯೇಕ ಪ್ಯಾರಾ ಇದೆ, ಮತ್ತು ಎಲ್ಲ ಪ್ಯಾರಾಗಳೂ ಒಂದೇ ಅಚ್ಚಿನವಲ್ಲ. ಸಾಂಟಾ ಫೆಯ ಪ್ಯಾರಾದಲ್ಲಿ ಎರಡು ಮಾತು ಗಮನಿಸಬೇಕು. ಒಂದು, ಈಗಾಗಲೇ ಫೆಡರಲ್, ಅಂದರೆ ಕೇಂದ್ರದ, ಆಡಳಿತದಲ್ಲಿರುವ ಜಾಗದ ಗಡಿಯಾಚೆ, ಮಾಲೀಕರ ಒಪ್ಪಿಗೆ ಇಲ್ಲದೆ ಫೆಡರಲ್ ಸರ್ಕಾರ ಈ ಹಾದಿಗಾಗಿ ಜಮೀನು ಪಡೆಯುವಂತಿಲ್ಲ. ಇನ್ನೊಂದು, ಖಾಸಗಿ ಮಾಲೀಕರ ಜೊತೆ ಒಪ್ಪಂದ ಮಾಡಿಕೊಳ್ಳುವ ಮೊದಲು, ಆ ಜಾಗದಲ್ಲಿ ಸಾರ್ವಜನಿಕರಿಗೆ ಪೆಟ್ಟಾದರೆ ಬರಬಹುದಾದ ಹೊಣೆಯ ಬಗ್ಗೆ ಅವರಿಗೆ ತಿಳಿಸಬೇಕು. ಈ ಎರಡನೆಯದನ್ನು ಯಾರೂ ಓದುವುದಿಲ್ಲ. ಸಹಿ ಹಾಕುವ ಮೊದಲು ಆ ತಿಳಿವಳಿಕೆ ಪತ್ರವನ್ನು ಕೇಳಿ ಪಡೆಯಿರಿ.

ಸಾರ್ವಜನಿಕ ಸಭೆಗಳಲ್ಲಿ ಕೂಗಾಟಕ್ಕೆ ಕಾರಣವಾಗುವ ಗೊಂದಲ ಇನ್ನೊಂದಿದೆ. ರೈಲು ನಿಂತುಹೋದ ಹಳಿದಾರಿಯನ್ನು ಕಾಲುದಾರಿಯಾಗಿ ಉಳಿಸಿಕೊಳ್ಳುವ ಏರ್ಪಾಡೂ 1983ರ ತಿದ್ದುಪಡಿಯಿಂದ ಇದೇ ಕಾಯ್ದೆಯೊಳಗೆ ಸೇರಿದೆ. ಹಳಿ ಹೋದರೆ ಜಮೀನು ತಮಗೆ ವಾಪಸ್ಸು ಬರುತ್ತದೆ ಎಂದುಕೊಂಡಿದ್ದ ಅಕ್ಕಪಕ್ಕದವರು ಪರಿಹಾರಕ್ಕಾಗಿ ಕೋರ್ಟು ಹತ್ತಿದ್ದು ಆ ವಿಚಾರದಲ್ಲಿ. 1990ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿದ್ದೂ ಅದರ ಮೇಲೆಯೇ. ಬಂಡಿ ಹಾದಿಗೂ ಅದಕ್ಕೂ ಸಂಬಂಧವಿಲ್ಲ. ಸಭೆಯ ಮೊದಲ ಐದು ನಿಮಿಷದಲ್ಲೇ ಇದನ್ನು ಬಿಡಿಸಿ ಹೇಳದಿದ್ದರೆ ಉಳಿದ ಎರಡು ಗಂಟೆ ವ್ಯರ್ಥ.

ಘೋಷಣೆ ಇನ್ನೂ ಆಗಿಲ್ಲ, ಅಧ್ಯಯನ ಮಾತ್ರ ನಡೆಯುತ್ತಿದೆ ಎಂದಾದರೆ ಅಭಿಪ್ರಾಯವನ್ನು ಲಿಖಿತವಾಗಿ ಕೊಡಿ. 'ವಿರೋಧಿಸುತ್ತೇವೆ' ಅಥವಾ 'ಸ್ವಾಗತಿಸುತ್ತೇವೆ' ಎಂಬ ಒಂದು ಸಾಲು ಎಣಿಕೆಗೆ ಬರುತ್ತದೆ, ಅಷ್ಟೇ. ಜಮೀನಿನ ಪಾರ್ಸೆಲ್ ನಂಬರು, ಅಲ್ಲಿ ಜಾಡು ಕಾಣುತ್ತದೋ ಇಲ್ಲವೋ, ಗೆರೆ ಎಷ್ಟು ದೂರ ತಪ್ಪಿದೆ, ಯಾವ ಹಳೆಯ ಸರ್ವೇ ದಾಖಲೆಯಲ್ಲಿ ದಾರಿ ಬೇರೆ ಕಡೆ ಇದೆ ಎಂದು ಬರೆದ ಪತ್ರ ನಕ್ಷೆಯನ್ನೇ ಬದಲಿಸಬಲ್ಲದು.

ನಕ್ಷೆಯ ಗೆರೆ, ನೆಲದ ಜಾಡು

ಘೋಷಣೆಯಾದ ಮೇಲೆ ಎರಡು ಪೂರ್ಣ ಹಣಕಾಸು ವರ್ಷಗಳೊಳಗೆ ಸಮಗ್ರ ನಿರ್ವಹಣಾ ಯೋಜನೆ ತಯಾರಿಸಬೇಕೆಂದು ಕಾಯ್ದೆ ಹೇಳುತ್ತದೆ. ಕೈಗೆ ಸಿಕ್ಕಿದ ಕೂಡಲೇ ಅದರ ಅನುಬಂಧಕ್ಕೆ ಹೋಗಿ. 'ಹೆಚ್ಚಿನ ಸಾಧ್ಯತೆಯ' ತಾಣಗಳು ಮತ್ತು ತುಂಡುದಾರಿಗಳು ಎಂಬ ಪಟ್ಟಿ ಅಲ್ಲಿರುತ್ತದೆ. ನಿಮ್ಮೂರು ಆ ಪಟ್ಟಿಯಲ್ಲಿದ್ದರೆ ಫಲಕ, ಹಣ, ಪರಿಣತರ ಭೇಟಿ ಎಲ್ಲದರಲ್ಲೂ ಮುಂದಿನ ಸಾಲು. ಇಲ್ಲದಿದ್ದರೆ ದಾಖಲೆ ಒಟ್ಟುಮಾಡುವ ಕೆಲಸ ನಿಮ್ಮದು.

ದಾಖಲೆ ಎಂದರೆ ಮೊದಲಿಗೆ ನೆಲ ನೋಡುವುದು. ಸಾಂಟಾ ಫೆಯ ಬಂಡಿಗಳು ಎಷ್ಟೋ ಕಡೆ ನಾಲ್ಕು ಸಾಲಾಗಿ ಹೋಗುತ್ತಿದ್ದವು, ಕೆಸರಾದ ಕಡೆ ಪಕ್ಕಕ್ಕೆ ಸರಿಯುತ್ತಿದ್ದವು. ಹಾಗಾಗಿ ಜಾಡು ಎಂದರೆ ಎರಡು ಚಕ್ರದ ಗೀರಲ್ಲ. ಅಗಲವಾದ, ಅಂಚು ಸವೆದು ಮೆತ್ತಗಾದ, ಆಳ ಕಡಿಮೆಯ ತಗ್ಗುಗಳ ಸಾಲು. ನಡು ಮಧ್ಯಾಹ್ನ ಹೋದರೆ ಬರೀ ಹುಲ್ಲು ಕಾಣುತ್ತದೆ. ಸೂರ್ಯ ಏರುವ ಮೊದಲ ಗಂಟೆ ಅಥವಾ ಇಳಿಯುವ ಕೊನೆಯ ಗಂಟೆಯಲ್ಲಿ ಹೋಗಿ. ಓರೆ ಬೆಳಕಿಗೆ ತಗ್ಗಿನ ಒಂದು ಮಗ್ಗುಲು ನೆರಳಾಗಿ ಎದ್ದು ಕಾಣುತ್ತದೆ. ತೆಳುವಾಗಿ ಹಿಮ ಬಿದ್ದ ಮರುದಿನವೂ ಒಳ್ಳೆಯದು. ಒಣಗಾಲದಲ್ಲಿ ತಗ್ಗಿನೊಳಗೆ ತೇವ ನಿಂತು ಹುಲ್ಲು ಬೇರೆ ಬಣ್ಣ ತಿರುಗಿರುತ್ತದೆ. ದನ ನಡೆದ ದಾರಿ ಒಂದಡಿ ಒಂದೂವರೆ ಅಡಿ ಅಗಲ, ಬೇಲಿಗೋ ನೀರಿಗೋ ಅಂಟಿಕೊಂಡು ಹೋಗುತ್ತದೆ. ಬದುವಿನ ಕಾಲುವೆ ಇಳಿಜಾರಿಗೆ ಅಡ್ಡಲಾಗಿ ಒಂದೇ ಮಟ್ಟದಲ್ಲಿ ಸಾಗುತ್ತದೆ. ಬಂಡಿಜಾಡು ಹಳ್ಳ ದಾಟುವ ಸುಲಭದ ಜಾಗ ಹುಡುಕಿಕೊಂಡು ಹೋಗುತ್ತದೆ, ದಡದಲ್ಲಿ ಬೀಸಣಿಗೆಯಂತೆ ಹರಡಿಕೊಂಡಿರುತ್ತದೆ. ಕಣ್ಣು ಪಳಗಲು ಕಾನ್ಸಸ್‌ನ ಡಾಡ್ಜ್ ಸಿಟಿಯಿಂದ ಪಶ್ಚಿಮಕ್ಕೆ ಹೆದ್ದಾರಿ 50ರ ಬದಿಯ ಜಾಡು ನೋಡಿ. ಅದೇ ರಾಜ್ಯದ ಸಿಮರಾನ್ ಹುಲ್ಲುಗಾವಲಿನಲ್ಲಿ 23 ಮೈಲಿ ಸಾರ್ವಜನಿಕ ಜಮೀನಿನಲ್ಲೇ ಇದೆ.

ಹುಲ್ಲುಗಾವಲಿನಲ್ಲಿ ನೂರೈವತ್ತು ವರ್ಷ ಉಳಿದದ್ದು ಒಂದೇ ಉಳುಮೆಗೆ ಹೋಗುತ್ತದೆ. ಹೊಂಡ ತೋಡುವುದು, ಗಾಳಿತಡೆಗೆ ಮರದ ಸಾಲು ನೆಡುವುದು, ಪೈಪ್‌ಲೈನ್ ಅಗೆತ ಇವೂ ಅಷ್ಟೇ. ದನ ಮೇಯುವುದರಿಂದ ಸಾಮಾನ್ಯವಾಗಿ ತೊಂದರೆಯಿಲ್ಲ, ಆದರೆ ನೀರಿನ ತೊಟ್ಟಿಯನ್ನು ಜಾಡಿನ ಮೇಲೆ ಇಟ್ಟರೆ ಒಂದೆರಡು ಹಂಗಾಮಿನಲ್ಲಿ ತುಳಿದು ಸಪಾಟಾಗುತ್ತದೆ. ತೊಟ್ಟಿ ದೂರ ಸರಿಸಿ. ಲೋಹಶೋಧಕ ಹಿಡಿದು ಬರುವವರಿಗೆ ಮಾಲೀಕರ ಒಪ್ಪಿಗೆ ಬೇಕು. ಫೆಡರಲ್ ಜಮೀನಿನಲ್ಲಾದರೆ ನೂರು ವರ್ಷ ದಾಟಿದ ವಸ್ತುವನ್ನು ಪರವಾನಗಿಯಿಲ್ಲದೆ ಎತ್ತುವುದು 1979ರ ಕಾನೂನಿನಂತೆ ಅಪರಾಧ.

ಮಾನ್ಯತೆ ಪಡೆಯುವ ಬಗೆ

ಖಾಸಗಿ ಜಾಗ ಅಧಿಕೃತವಾಗಿ ಹಾದಿಯ ಭಾಗವಾಗುವುದು ಮಾಲೀಕರೇ ಕೇಳಿಕೊಂಡು ಮಾನ್ಯತೆ ಪಡೆದಾಗ. ಸಾಂಟಾ ಫೆ ಹಾದಿಯನ್ನು ನೋಡಿಕೊಳ್ಳುವ ಫೆಡರಲ್ ಸಂಸ್ಥೆಯಾದ ರಾಷ್ಟ್ರೀಯ ಉದ್ಯಾನ ಸೇವೆಯ ಹಾದಿ ಕಚೇರಿಗೆ ಪತ್ರ ಬರೆಯಬೇಕು. ಅದರ ಜೊತೆ ಜಾಗದ ನಕ್ಷೆ, ನಾಲ್ಕೂ ದಿಕ್ಕಿನ ಫೋಟೊ, ಹಾದಿಗೂ ಆ ಜಾಗಕ್ಕೂ ಇರುವ ನಂಟಿನ ಪುರಾವೆ ಇರಲಿ. ಸಿಬ್ಬಂದಿ ಬಂದು ನೋಡುತ್ತಾರೆ, ಆಮೇಲೆ ಒಪ್ಪಂದದ ಕರಡು. ಒಡೆತನ ಬದಲಾಗುವುದಿಲ್ಲ, ಮಾಲೀಕರ ಕಾನೂನು ಹಕ್ಕುಗಳೂ ಹಾಗೇ ಉಳಿಯುತ್ತವೆ, ಬೇಡವೆನಿಸಿದರೆ ಹೊರಬರಬಹುದು.

ಕರಡಿನಲ್ಲಿ ಗಟ್ಟಿಮಾಡಿಕೊಳ್ಳಬೇಕಾದ್ದು ಇವು:

– ಜನರಿಗೆ ಯಾವ ದಿನ, ಯಾವ ಹೊತ್ತು ಪ್ರವೇಶ. ಮೊದಲೇ ಫೋನ್ ಮಾಡಿ ಬರಬೇಕೋ ಇಲ್ಲವೋ.
– ಗೇಟಿನಿಂದ ಜಾಡಿನವರೆಗೆ ಯಾವ ದಾರಿ, ಕಾರು ಎಲ್ಲಿ ನಿಲ್ಲಬೇಕು, ಕರು ಹಾಕುವ ಕಾಲದಲ್ಲಿ ಮುಚ್ಚಬಹುದೇ.
– ಫಲಕ ಕೆಟ್ಟರೆ ರಿಪೇರಿ ಯಾರದು.
– ಜಮೀನು ಮಾರಿದರೆ ಹೊಸ ಮಾಲೀಕರಿಗೆ ಏನು ಅನ್ವಯ.

ಬಹುತೇಕ ಎಲ್ಲ ರಾಜ್ಯಗಳಲ್ಲೂ, ಪುಕ್ಕಟೆಯಾಗಿ ಜನರನ್ನು ಬಿಟ್ಟುಕೊಂಡ ಜಮೀನುದಾರರ ಹೊಣೆಯನ್ನು ಕಡಿಮೆಮಾಡುವ ಕಾನೂನಿದೆ. ಕಾರಿಗಿಷ್ಟು ಎಂದು ಶುಲ್ಕ ತೆಗೆದುಕೊಂಡ ದಿನದಿಂದ ಆ ರಕ್ಷಣೆ ಸಾಮಾನ್ಯವಾಗಿ ಕಳಚಿಕೊಳ್ಳುತ್ತದೆ. ದುಡ್ಡು ಮುಟ್ಟುವ ಮೊದಲು ವಕೀಲರನ್ನೂ ವಿಮೆಯವರನ್ನೂ ಕೇಳಿ.

ಫಲಕದ ಲೆಕ್ಕ

ಊರಿನ ಜನ ಕಣ್ಣಾರೆ ಕಾಣುವ ಮೊದಲ ಬದಲಾವಣೆ ಫಲಕ. ಹಾಳಾಗುವ ಮೊದಲನೆಯದೂ ಅದೇ. ರಾಜ್ಯ ಹೆದ್ದಾರಿಯಾದರೆ ರಾಜ್ಯ ಸಾರಿಗೆ ಇಲಾಖೆ, ಹಳ್ಳಿಯ ರಸ್ತೆಯಾದರೆ ಕೌಂಟಿ, ಅಂದರೆ ನಮ್ಮ ಜಿಲ್ಲೆಯಂಥ ಸ್ಥಳೀಯ ಆಡಳಿತ, ಒಪ್ಪಬೇಕು. ಒಂದು ತಿರುವಿಗೆ ಒಂದು ಫಲಕ ಸಾಕೆಂದುಕೊಂಡು ಅರ್ಜಿ ಹಾಕುವವರೇ ಹೆಚ್ಚು. ತಿರುವಿಗೆ ಮುಂಚೆ ಬಾಣದ ಗುರುತು, ತಿರುಗಿದ ಮೇಲೆ 'ಸರಿಯಾದ ದಾರಿಯಲ್ಲಿದ್ದೀರಿ' ಎನ್ನುವ ಇನ್ನೊಂದು, ಎದುರು ದಿಕ್ಕಿನಿಂದ ಬರುವವರಿಗೂ ಹಾಗೆಯೇ ಎರಡು: ತಿರುವಿಗೆ ನಾಲ್ಕು. ಆರು ತಿರುವಿದ್ದರೆ 24 ಫಲಕ, ಅಷ್ಟೇ ಕಂಬ. ಬಿಸಿಲಿಗೆ ಬಣ್ಣ ಮಾಸುತ್ತದೆ, ಬಂದೂಕಿನ ಗುರಿ ಅಭ್ಯಾಸಕ್ಕೂ ಬಲಿಯಾಗುತ್ತದೆ, ಕೆಲವು ಯಾರದೋ ಗ್ಯಾರೇಜಿನ ಗೋಡೆ ಸೇರುತ್ತವೆ. ಪ್ರತಿ ಕಂಬದ ಜಿಪಿಎಸ್ ಗುರುತು, ಹಾಕಿದ ತಾರೀಖು, ಫೋಟೊ ಇಟ್ಟುಕೊಂಡು ವರ್ಷಕ್ಕೊಮ್ಮೆ ಎರಡೂ ದಿಕ್ಕಿನಿಂದ ಓಡಾಡಿ ನೋಡಿ.

'ಹಾದಿ ಇಲ್ಲಿ ರಸ್ತೆ ದಾಟುತ್ತದೆ' ಎಂಬ ಫಲಕವನ್ನು ಖಾಸಗಿ ಗೇಟಿನ ಎದುರೇ ನೆಟ್ಟರೆ ಜನ ಬೇಲಿ ಹಾರುತ್ತಾರೆ. ಮಾಲೀಕರನ್ನು ಮಾತಾಡಿಸದೆ ಅಲ್ಲಿ ಗುಣಿ ತೋಡಬೇಡಿ. ಹಾದಿಯ ಲಾಂಛನವನ್ನು ಟೀ ಶರ್ಟು, ಕಾಫಿ ಕಪ್ಪಿನ ಮೇಲೆ ಅಚ್ಚು ಹಾಕಿಸಿ ಮಾರಲು ಹಾದಿ ಕಚೇರಿಯ ಅನುಮತಿ ಬೇಕು ಎಂಬುದನ್ನು ಅಂಗಡಿಯವರಿಗೂ ಹೇಳಿಡಿ.

ಫೆಡರಲ್ ಹಣ ಅಥವಾ ಪರವಾನಗಿ ಬಂದಾಗ

ಕಾನೂನಿನ ಬಿಗಿ ಹತ್ತುವುದು ಇಲ್ಲಿ. ಫೆಡರಲ್ ಅನುದಾನದ ರಸ್ತೆ, ಫೆಡರಲ್ ಲೈಸೆನ್ಸಿನ ಮೊಬೈಲ್ ಟವರು, ಹೊಳೆ ದಾಟಲು ಸೇನಾ ಎಂಜಿನಿಯರುಗಳ ಪರವಾನಗಿ ಬೇಕಾದ ಪೈಪ್‌ಲೈನ್: ಇವಕ್ಕೆ 1966ರ ಐತಿಹಾಸಿಕ ಸಂರಕ್ಷಣಾ ಕಾಯ್ದೆಯ 106ನೇ ಸೆಕ್ಷನ್ ಪರಿಶೀಲನೆ ಉಂಟು. ಅದು ಯೋಜನೆ ತಡೆಯುವುದಿಲ್ಲ. ಹಾನಿ ಏನು, ತಪ್ಪಿಸುವುದು ಹೇಗೆ ಎಂದು ಚರ್ಚೆ ಮಾಡಿಸುತ್ತದೆ. ಹಣ ಅಥವಾ ಪರವಾನಗಿ ಕೊಡುವ ಫೆಡರಲ್ ಸಂಸ್ಥೆಯ ತೀರ್ಮಾನ ಕೈಸೇರಿದ ಮೇಲೆ ರಾಜ್ಯದ ಸಂರಕ್ಷಣಾ ಅಧಿಕಾರಿಗೆ ಉತ್ತರ ಕೊಡಲು 30 ದಿನ. ನಿಮ್ಮ ಸಂಘ 'ಸಮಾಲೋಚನೆಯ ಪಕ್ಷ' ಆಗಬೇಕಾದರೆ ಸುದ್ದಿ ತಿಳಿದ ವಾರದಲ್ಲೇ ಲಿಖಿತವಾಗಿ ಕೇಳಬೇಕು. ಯಂತ್ರ ಬಂದು ನಿಂತ ಮೇಲೆ ಬರೆದ ಪತ್ರ ಫೈಲಿಗೆ ಹೋಗುತ್ತದೆ. ಅದೇ ಖಾಸಗಿ ಜಮೀನಿನಲ್ಲಿ ಖಾಸಗಿ ದುಡ್ಡಿನ ಗಾಳಿಯಂತ್ರ, ಫೆಡರಲ್ ಪರವಾನಗಿ ಏನೂ ಬೇಡ ಎಂದಾದರೆ, ಹಾದಿಯಿಂದ ಕಾಣುವ ನೋಟ ಕೆಟ್ಟಿತೆಂದು ಈ ಘೋಷಣೆ ಹಿಡಿದು ತಡೆಯಲಾಗದು. ಆ ಹೋರಾಟ ಕೌಂಟಿಯ ಜಮೀನು ಬಳಕೆ ನಿಯಮದಲ್ಲಿ.

ರಾಷ್ಟ್ರೀಯ ಐತಿಹಾಸಿಕ ನೋಂದಣಿ, ಅಂದರೆ ಐತಿಹಾಸಿಕ ಕಟ್ಟಡ ಮತ್ತು ತಾಣಗಳ ಅಧಿಕೃತ ಪಟ್ಟಿ, ಅದೂ ಬೇರೆಯೇ ವಿಷಯ. ಹಾದಿ ಘೋಷಣೆಯಾದರೆ ಹಳೆಯ ಕಟ್ಟಡ ತಾನಾಗಿ ನೋಂದಣಿಗೆ ಸೇರುವುದಿಲ್ಲ. ಬಾಡಿಗೆಗೋ ವ್ಯಾಪಾರಕ್ಕೋ ಇರುವ ಹಳೆಯ ಕಟ್ಟಡ ನೋಂದಣಿಯಾಗಿ, ಒಪ್ಪಿತ ರೀತಿಯಲ್ಲಿ ದುರಸ್ತಿಯಾದರೆ ಖರ್ಚಿನ 20 ಪ್ರತಿಶತ ಫೆಡರಲ್ ತೆರಿಗೆ ರಿಯಾಯಿತಿ ಸಿಗುತ್ತದೆ; ಸ್ವಂತ ವಾಸದ ಮನೆಗೆ ಇಲ್ಲ. ಕೆಲಸ ಶುರುಮಾಡುವ ಮೊದಲೇ ಅರ್ಜಿ ಹಾಕಿ. ಮರದ ಕಿಟಕಿ ಕಿತ್ತು ವಿನೈಲ್ ಹಾಕಿಸಿದ ಮೇಲೆ ಹೋದರೆ ಅರ್ಜಿ ತಿರಸ್ಕಾರವಾಗುವುದೇ ಹೆಚ್ಚು.

ಪ್ರವಾಸಿಗರು ಬರುತ್ತಾರೆಯೇ

ಬರುತ್ತಾರೆ, ಆದರೆ ಬಂದು ನಿಲ್ಲಲು ಕಾರಣ ಬೇಕು. ಅಲಬಾಮಾದ ಸೆಲ್ಮಾದಿಂದ ಮಾಂಟ್ಗಮರಿವರೆಗಿನ 54 ಮೈಲಿ, 1965ರ ಮತದಾನ ಹಕ್ಕಿನ ಮೆರವಣಿಗೆಯ ದಾರಿ, 1996ರಲ್ಲಿ ರಾಷ್ಟ್ರೀಯ ಐತಿಹಾಸಿಕ ಹಾದಿಯಾಯಿತು. ಅಷ್ಟು ಹೆಸರಾದ ಹಾದಿ ಇದ್ದೂ ಸೆಲ್ಮಾದ ಜನಸಂಖ್ಯೆ 2000ದ ಜನಗಣತಿಯಲ್ಲಿ 20,000ಕ್ಕೂ ಮೇಲಿದ್ದದ್ದು 2020ಕ್ಕೆ 18,000ಕ್ಕಿಂತ ಕೆಳಗಿಳಿಯಿತು. ಆ ಮೆರವಣಿಗೆ ಸಾಗಿದ ಸೇತುವೆ ದಾಟಿ, ಫೋಟೊ ಹೊಡೆದುಕೊಂಡು, ಮುಂದಿನ ಊರಿನಲ್ಲಿ ಉಣ್ಣುವವರಿಂದ ಊರಿಗೆ ದಕ್ಕುವುದು ಕಡಿಮೆ. ಮೊದಲು ಬೇಕಾದ್ದು ಸ್ವಚ್ಛವಾದ ಶೌಚಾಲಯ, ಭಾನುವಾರವೂ ತೆರೆದಿರುವ ಒಂದು ಹೋಟೆಲು, ಬಾಗಿಲ ಮೇಲೆ ಬರೆದ ಹೊತ್ತಿಗೆ ನಿಜವಾಗಿ ಬಾಗಿಲು ತೆರೆಯುವ ಮ್ಯೂಸಿಯಂ. ಸಂದರ್ಶಕರ ಪುಸ್ತಕದಲ್ಲಿ ಪಿನ್‌ಕೋಡ್ ಮತ್ತು 'ಇವತ್ತು ರಾತ್ರಿ ಎಲ್ಲಿ ತಂಗುತ್ತೀರಿ' ಎಂಬ ಎರಡು ಕಾಲಂ ಇಟ್ಟರೆ ಮುಂದಿನ ಅನುದಾನದ ಅರ್ಜಿಗೆ ಅಂಕಿಅಂಶ ಸಿದ್ಧ.

ಉದ್ಯಾನ ಸೇವೆಯ ಪಾಲುದಾರಿಕೆ ಅನುದಾನದಲ್ಲಿ ಅರ್ಧ ಪಾಲು ನಿಮ್ಮದು. ಅದನ್ನು ನಗದಾಗಿಯೇ ಕೊಡಬೇಕೆಂದಿಲ್ಲ. ಸ್ವಯಂಸೇವಕರ ದುಡಿಮೆ, ಸಾಮಗ್ರಿಯೂ ಲೆಕ್ಕಕ್ಕೆ ಬರುತ್ತದೆ. ಗಂಟೆಗಳ ಹಾಜರಿ ಪುಸ್ತಕಕ್ಕೆ ಅವತ್ತೇ ಸಹಿ ಮಾಡಿಸಿ. ಒಪ್ಪಂದಕ್ಕೆ ಸಹಿ ಬೀಳುವ ಮೊದಲು ಮಾಡಿದ ಕೆಲಸ ಸಾಮಾನ್ಯವಾಗಿ ಸೇರುವುದಿಲ್ಲ.

ವಿವರಣೆ ಫಲಕದ ಬರಹವನ್ನು ಕೊನೆಯ ವಾರಕ್ಕೆ ಬಿಡಬೇಡಿ. ಕಾನ್ಸಸ್‌ನ ಕೌನ್ಸಿಲ್ ಗ್ರೋವ್ ಎಂಬ ಊರಿನ ಹೆಸರು ಬಂದದ್ದೇ 1825ರಲ್ಲಿ ಓಸೇಜ್ ಎಂಬ ಮೂಲನಿವಾಸಿ ಬುಡಕಟ್ಟಿನ ಜನರೊಂದಿಗೆ ಸಾಂಟಾ ಫೆ ದಾರಿಗಾಗಿ ಅಲ್ಲಿ ಆದ ಒಪ್ಪಂದದಿಂದ. ಅದೇ ಊರಿನ ಸುತ್ತ ನೆಲೆಸಿದ್ದ ಕಾ ಎಂಬ ಇನ್ನೊಂದು ಬುಡಕಟ್ಟಿನ ಜನರನ್ನು 1873ರಲ್ಲಿ ಈಗಿನ ಓಕ್ಲಹೋಮಾಕ್ಕೆ ಸಾಗಹಾಕಲಾಯಿತು. 2000ದಲ್ಲಿ ಕಾ ನೇಷನ್ ಅಲ್ಲಿಯೇ ತನ್ನ ಹಳೆಯ ನೆಲದ ಒಂದು ತುಂಡನ್ನು ದುಡ್ಡು ಕೊಟ್ಟು ಕೊಂಡು ಸ್ಮಾರಕ ಉದ್ಯಾನ ಮಾಡಿಕೊಂಡಿದೆ. ಬರೀ ವರ್ತಕರ ಸಾಹಸ ಬರೆದ ಫಲಕವನ್ನು ಆಮೇಲೆ ಕಿತ್ತು ಹೊಸದು ಹಾಕಿಸುವ ಖರ್ಚು ಊರಿನ ತಲೆಗೇ ಬರುತ್ತದೆ. ಕರಡನ್ನು ಆಯಾ ಬುಡಕಟ್ಟಿನ ಸಾಂಸ್ಕೃತಿಕ ಕಚೇರಿಗೆ ಮೊದಲೇ ಕಳಿಸಿ, ಓದಿ ಉತ್ತರಿಸಲು ಕನಿಷ್ಠ ಎರಡು ತಿಂಗಳು ಬಿಡಿ, ಆಮೇಲೆ ಅಚ್ಚಿಗೆ ಕೊಡಿ.