ಲ್ಯಾಪ್‌ಟಾಪ್ ಕೊಳ್ಳುವ ಮೊದಲು ‘ಚಟ್ಟಂಬಡೆ’ ಎಂದು ಟೈಪ್ ಮಾಡಿ ನೋಡಿ

ಮುಂಬಯಿಯ ಮಾಟುಂಗದ ನಮ್ಮ ಕಟ್ಟಡದಲ್ಲಿ ಒಬ್ಬರು ಮಾಸ್ತರರಿದ್ದಾರೆ. ನಿವೃತ್ತರಾದ ಮೇಲೆ ಕನ್ನಡದಲ್ಲಿ ಬರೆಯಬೇಕೆಂದು ಹೊಸ ಲ್ಯಾಪ್‌ಟಾಪ್ ತಂದರು. ದುಬಾರಿಯದ್ದೇ ತಂದರು. ಎರಡು ವಾರದಲ್ಲಿ ಬರೆಯುವುದನ್ನೇ ಬಿಟ್ಟರು. ಯಾಕೆ ಅಂತ ಹೋಗಿ ನೋಡಿದೆ. ಸ್ಕ್ರೀನಿನ ತುಂಬ ಕಿಟಕಿ, ಟ್ಯೂಬ್‌ಲೈಟ್, ಅವರದೇ ಮುಖ. ‘ಟ’ ಒತ್ತಲು ಹೋದರೆ ಬೆರಳು ಎಂಟರ್ ಮೇಲೆ ಬಿದ್ದು ಸಾಲು ಮುರಿಯುತ್ತಿತ್ತು.

ಕರಡು ತಿದ್ದುವ ಕೆಲಸದಲ್ಲಿರುವ ನಾನು ಇಂಥ ಖರೀದಿ ಎಷ್ಟೋ ನೋಡಿದ್ದೇನೆ. ಎಲ್ಲರೂ ಪ್ರೊಸೆಸರ್ ಕೇಳುತ್ತಾರೆ. ದಿನವಿಡೀ ಕಣ್ಣು ಇರುವುದು ಸ್ಕ್ರೀನಿನ ಮೇಲೆ, ಬೆರಳು ಇರುವುದು ಕೀಬೋರ್ಡಿನ ಮೇಲೆ. ಅವೆರಡನ್ನೂ ಯಾರೂ ಮುಟ್ಟಿ ನೋಡುವುದಿಲ್ಲ.

ಹಂತ 1: ಒಳಗಿನ ಸಾಮಾನು ಒಂದೇ ಸಾಲಿನಲ್ಲಿ ಮುಗಿಸಿ

ಬರವಣಿಗೆಗೆ 16 ಜಿಬಿ ರ್‍ಯಾಮ್, 512 ಜಿಬಿ ಎಸ್‌ಎಸ್‌ಡಿ, ಈಚಿನ ಯಾವುದಾದರೂ ಮಧ್ಯಮ ದರ್ಜೆಯ ಪ್ರೊಸೆಸರ್ ಸಾಕು.

ಹಂತ 2: ಸ್ಕ್ರೀನಿನ ಎತ್ತರ ಅಳೆಯಿರಿ

ಅಂಗಡಿಯವರು ಹೇಳುವ ಇಂಚು ಮೂಲೆಯಿಂದ ಮೂಲೆಗೆ. ಓದುವವರಿಗೆ ಬೇಕಾದ್ದು ಎತ್ತರ. 16:9 ಆಕಾರದ (ಅಗಲ 16 ಪಾಲಾದರೆ ಎತ್ತರ 9) 14 ಇಂಚಿನ ಸ್ಕ್ರೀನು ಸುಮಾರು 17.4 ಸೆಂ.ಮೀ. ಎತ್ತರ ಇರುತ್ತದೆ. ಅದೇ 14 ಇಂಚು 16:10 ಆದರೆ 18.8 ಸೆಂ.ಮೀ. ಮೂರ್ನಾಲ್ಕು ಸಾಲು ಜಾಸ್ತಿ ಕಾಣುತ್ತದೆ. 3:2 ಆಕಾರದ 13.5 ಇಂಚಿನದ್ದು 19 ಸೆಂ.ಮೀ. ಬರುತ್ತದೆ. ಅಂದರೆ ಎತ್ತರದಲ್ಲಿ 16:9 ಆಕಾರದ 15.6 ಇಂಚಿನ ಲ್ಯಾಪ್‌ಟಾಪಿಗೆ ಹೆಚ್ಚುಕಡಿಮೆ ಸಮ, ಆದರೆ ಲೋಕಲ್ ರೈಲಿನಲ್ಲಿ ಹೊತ್ತುಕೊಂಡು ಹೋಗಲು ಎಷ್ಟೋ ಸಲೀಸು. ಪಟ್ಟಿಯಲ್ಲಿ 1920×1080 ಅಂತ ಕಂಡರೆ ಅದು 16:9. 1920×1200 ಅಂತ ಇದ್ದರೆ 16:10. ಎರಡನೆಯದನ್ನೇ ಕೇಳಿ.

ಮೇಲ್ಮೈ ಮ್ಯಾಟ್, ಅಂದರೆ ಹೊಳಪಿಲ್ಲದ್ದು, ಇರಲಿ. ಪರೀಕ್ಷೆ ಸುಲಭ: ಸ್ಕ್ರೀನ್ ಆಫ್ ಮಾಡಿಸಿ ನೋಡಿ. ನಿಮ್ಮ ಮುಖ ಕನ್ನಡಿಯಲ್ಲಿ ಕಂಡಂತೆ ಕಂಡರೆ ಬೇಡ. ಹೊಳೆಯುವ ಸ್ಕ್ರೀನಿಗೆ ಮ್ಯಾಟ್ ಗಾರ್ಡ್ ಅಂಟಿಸಿಕೊಡುತ್ತೇವೆ ಅನ್ನುತ್ತಾರೆ. ಒಪ್ಪಬೇಡಿ. ಅಂಥ ಗಾರ್ಡ್ ಹಾಕಿದರೆ ಅಕ್ಷರ ಮರಳು ಮರಳಾಗಿ ಕಾಣುತ್ತದೆ. ಸ್ಕ್ರೀನಿನ ಬೆಳಕು 300 ನಿಟ್ಸ್‌ಗಿಂತ (ಬೆಳಕಿನ ಅಳತೆ) ಕಡಿಮೆ ಬೇಡ. ಕಿಟಕಿ ಪಕ್ಕ ಕೂರುವವರಾದರೆ 400 ಇರಲಿ.

ಓಎಲ್‌ಇಡಿ ಬಗೆಯ ಸ್ಕ್ರೀನು ಇಷ್ಟವಾದರೆ ಬ್ರೈಟ್‌ನೆಸ್ ತೀರ ಇಳಿಸಿ, ಮೊಬೈಲಿನ ಸ್ಲೋ ಮೋಷನ್ ಕ್ಯಾಮೆರಾದಲ್ಲಿ ನೋಡಿ. ಪಟ್ಟೆ ಪಟ್ಟೆ ಓಡಿದರೆ ಅದು ಮಿಣುಕುತ್ತಿದೆ ಎಂದರ್ಥ. ಬರಿಗಣ್ಣಿಗೆ ಗೊತ್ತಾಗುವುದಿಲ್ಲ, ಆದರೆ ಕೆಲವರಿಗೆ ಇದರಿಂದಲೇ ತಲೆನೋವು ಬರುತ್ತದೆ.

ಕೊನೆಗೆ ಕನ್ನಡದ ಪರೀಕ್ಷೆ. ‘ಜ್ಯೋತ್ಸ್ನಾ’ ಎಂಬ ಪದವನ್ನು ಮೊಬೈಲಿನಿಂದ ನಿಮಗೇ ಈಮೇಲ್ ಮಾಡಿಕೊಂಡು ಹೋಗಿ. ಅಂಗಡಿಯ ಲ್ಯಾಪ್‌ಟಾಪಿನಲ್ಲಿ ಅಕ್ಷರದ ಗಾತ್ರ 11 ಇಟ್ಟು ತೆರೆಯಿರಿ. ‘ತ’ದ ಕೆಳಗಿನ ಎರಡು ಒತ್ತು ಬಿಡಿಬಿಡಿಯಾಗಿ ಕಾಣಬೇಕು. ಆಮೇಲೆ ‘ದ–ಧ’, ‘ಬ–ಭ’, ‘ಪ–ಫ’. ಇವುಗಳ ವ್ಯತ್ಯಾಸ ಇರುವುದು ಕೆಳಗಿನ ಒಂದು ಸಣ್ಣ ಸೀಳಿನಲ್ಲಿ. ಹಳೆಯ 1366×768 ಸ್ಕ್ರೀನಿನಲ್ಲಿ ಆ ಸೀಳು ಮಸಿ ಮೆತ್ತಿದ ಹಾಗೆ ಮುಚ್ಚಿಹೋಗುತ್ತದೆ. ಹತ್ತು ಪುಟ ತಿದ್ದುವಷ್ಟರಲ್ಲಿ ಕಣ್ಣು ಉರಿಯುತ್ತದೆ.

ಹಂತ 3: ಕೀಬೋರ್ಡ್. ಇಲ್ಲಿ ಆತುರ ಬೇಡ

ಹೆಚ್ಚಿನವರು ಎಡವುವುದು ಇಲ್ಲೇ. ಇಂಗ್ಲಿಷಿನಲ್ಲಿ ತಮ್ಮ ಹೆಸರು ಟೈಪ್ ಮಾಡಿ ‘ಚೆನ್ನಾಗಿದೆ’ ಅನ್ನುತ್ತಾರೆ. ವಿಂಡೋಸಿನಲ್ಲೇ ಸಿಗುವ ಇನ್‌ಸ್ಕ್ರಿಪ್ಟ್ ಎಂಬ ಕನ್ನಡ ಕೀಬೋರ್ಡ್ ವಿನ್ಯಾಸ ಬಳಸುವವರಿಗೆ ಅದು ಪರೀಕ್ಷೆಯೇ ಅಲ್ಲ. ಇನ್‌ಸ್ಕ್ರಿಪ್ಟಿನಲ್ಲಿ ಸ್ವರಗಳು ಎಡಗೈಗೆ, ವ್ಯಂಜನಗಳು ಹೆಚ್ಚಾಗಿ ಬಲಗೈಗೆ. ಹಾಗಾಗಿ ಬಲಗಡೆಯ ಚಿಹ್ನೆಗಳ ಕೀಗಳೂ ನಮಗೆ ಅಕ್ಷರಗಳೇ. ಅರ್ಧವಿರಾಮದ ಕೀ ‘ಚ’. ಅದರ ಪಕ್ಕದ ಉದ್ಧರಣ ಚಿಹ್ನೆ ‘ಟ’. ಚೌಕ ಕಂಸ ‘ಡ’. ಕೆಳಸಾಲಿನ ಓರೆಗೆರೆ ‘ಯ’. ಇಂಗ್ಲಿಷಿನವರು ಇವನ್ನು ಅಪರೂಪಕ್ಕೆ ಒತ್ತುತ್ತಾರೆ. ಅದಕ್ಕೇ ಜಾಗ ಸಾಲದಿದ್ದಾಗ ಕೆಲವು ಕಂಪನಿಗಳು ಮೊದಲು ಕಿರಿದು ಮಾಡುವುದು ಈ ಕೀಗಳನ್ನೇ. ನಂಬರ್ ಪ್ಯಾಡ್ ತುರುಕಿದ ಲ್ಯಾಪ್‌ಟಾಪುಗಳಲ್ಲಿ ಇದು ಜಾಸ್ತಿ. ಮಾಸ್ತರರ ‘ಟ’ ಎಂಟರ್ ಆದದ್ದು ಹೀಗೆ.

ಆದ್ದರಿಂದ ಅಂಗಡಿಯಲ್ಲಿ ನಿಂತೇ ಈ ವಾಕ್ಯ ಟೈಪ್ ಮಾಡಿ: ‘ಚಟ್ಟಂಬಡೆ ತಿನ್ನೋಣ ಬಾರಯ್ಯ’. ಅಂಚಿನ ನಾಲ್ಕೂ ಕೀಗಳು ಇದರಲ್ಲಿ ಬರುತ್ತವೆ. ವಿಂಡೋಸ್ ಸೆಟ್ಟಿಂಗ್ಸ್‌ನ ಭಾಷೆಗಳಲ್ಲಿ ಕನ್ನಡ ಸೇರಿಸಿ, ವಿಂಡೋಸ್ ಕೀ ಮತ್ತು ಸ್ಪೇಸ್ ಒಟ್ಟಿಗೆ ಒತ್ತಿದರೆ ಕೀಬೋರ್ಡ್ ಬದಲಾಗುತ್ತದೆ. ಅಂಗಡಿಯವರು ಒಪ್ಪದಿದ್ದರೆ ನೋಟ್‌ಪ್ಯಾಡಿನಲ್ಲಿ ಅದೇ ಕೀಗಳನ್ನು ಒತ್ತಿ. ಚಿಹ್ನೆಗಳು ಬಿದ್ದರೂ ಬೆರಳಿಗೆ ವಿಷಯ ಗೊತ್ತಾಗುತ್ತದೆ. ಹತ್ತು ಸಲ ಹೊಡೆಯಿರಿ, ಕೆಳಗೆ ನೋಡದೆ. ಎರಡು ಸಲಕ್ಕಿಂತ ಹೆಚ್ಚು ತಪ್ಪಿದರೆ ಆ ಲ್ಯಾಪ್‌ಟಾಪ್ ಬಿಡಿ. ‘ಅಭ್ಯಾಸ ಆಗುತ್ತದೆ’ ಅನ್ನುವ ಮಾತು ನಂಬಬೇಡಿ.

‘ನುಡಿ’ ತಂತ್ರಾಂಶದಲ್ಲಿರುವ ಕೆ.ಪಿ. ರಾವ್ ಕೀಬೋರ್ಡ್ ವಿನ್ಯಾಸ ಬಳಸುವವರಿಗೆ ಇಂಗ್ಲಿಷ್ ಅಕ್ಷರದ ಕೀಗಳೇ ಸಾಕು, ಈ ಕಷ್ಟ ಕಡಿಮೆ. ಆದರೆ ಮಹಾಪ್ರಾಣಕ್ಕೆ ಶಿಫ್ಟ್ ಬೇಕೇ ಬೇಕು. ಎರಡೂ ಕಡೆಯ ಶಿಫ್ಟ್ ಉದ್ದವಾಗಿವೆಯೇ ನೋಡಿಕೊಳ್ಳಿ.

ಕೀ ಎಷ್ಟು ಆಳಕ್ಕೆ ಇಳಿಯುತ್ತದೆ ಎಂಬುದೂ ಮುಖ್ಯ. ನನ್ನ ಮಟ್ಟಿಗೆ 1.5 ಮಿ.ಮೀ. ಕನಿಷ್ಠ. ಒಂದು ಮಿಲಿಮೀಟರಿನ ಆಸುಪಾಸಿನದು ಮೇಜನ್ನೇ ಕುಟ್ಟಿದ ಹಾಗಿರುತ್ತದೆ, ಸಂಜೆಗೆ ಬೆರಳಿನ ಗಂಟು ನೋಯುತ್ತದೆ. 2024ರಿಂದ ಅನೇಕ ಲ್ಯಾಪ್‌ಟಾಪುಗಳಲ್ಲಿ ಬಲಗಡೆಯ ಕಂಟ್ರೋಲ್ ಜಾಗದಲ್ಲಿ ಮೈಕ್ರೋಸಾಫ್ಟಿನ ಎಐ ಸಹಾಯಕವನ್ನು ತೆರೆಯುವ ಕೋಪೈಲಟ್ ಕೀ ಬಂದಿದೆ. ಬಲಗೈಯಿಂದ ಕಂಟ್ರೋಲ್ ಒತ್ತುವ ರೂಢಿ ಇದ್ದರೆ ಗಮನಿಸಿ.

ನಂಬರ್ ಪ್ಯಾಡ್ ಬರೆಯುವವರಿಗೆ ಬೇಡವೇ ಬೇಡ. ಅಕ್ಷರದ ಕೀಗಳು ಎಡಕ್ಕೆ ಸರಿದು, ದಿನವಿಡೀ ಕುತ್ತಿಗೆ ಸೊಟ್ಟಗಾಗುತ್ತದೆ. ಹೋಟೆಲಿನ ಲೆಕ್ಕ ಬರೆಯುವ ನಮ್ಮ ಅಣ್ಣಂದಿರಿಗೆ ಬೇಕೇ ಬೇಕು. ಅವರೂ ಬೇರೆಯಾಗಿ ಸಿಗುವ ಯುಎಸ್‌ಬಿ ನಂಬರ್ ಪ್ಯಾಡ್ ಕೊಂಡರೆ ಒಳ್ಳೆಯದು.

ಎರಡು ವಸ್ತುಗಳಿಗೆ ದುಡ್ಡು ಹಾಕಬೇಡಿ. ಕನ್ನಡ ಅಕ್ಷರದ ಸ್ಟಿಕ್ಕರ್ ಮುಂಬಯಿಯ ಮಳೆಗಾಲದಲ್ಲಿ ಜರುಗಿ, ಗೋಂದು ಬೆರಳಿಗೆ ಅಂಟುತ್ತದೆ. ಇನ್‌ಸ್ಕ್ರಿಪ್ಟ್ ನಕ್ಷೆಯನ್ನು ಒಂದು ಹಾಳೆಯಲ್ಲಿ ಪ್ರಿಂಟ್ ತೆಗೆದು ಎದುರಿಗೆ ಇಟ್ಟುಕೊಳ್ಳಿ, ಸಾಕು. ಇನ್ನೊಂದು, ಸಿಲಿಕಾನ್ ಹೊದಿಕೆ. ಒಳ್ಳೆಯ ಕೀಬೋರ್ಡೂ ಅದರಡಿ ಮಂಕಾಗುತ್ತದೆ.

ಹಂತ 4: ಲ್ಯಾಮಿಂಗ್ಟನ್ ರಸ್ತೆಗೆ ಹೋಗುವುದು

ಇದು ಮುಂಬಯಿಯ ಕಂಪ್ಯೂಟರ್ ಪೇಟೆ. ಮಾಟುಂಗ ರೋಡ್ ಸ್ಟೇಷನ್ನಿನಿಂದ ಸ್ಲೋ ಲೋಕಲ್ ಹಿಡಿದು ಗ್ರಾಂಟ್ ರೋಡಿನಲ್ಲಿ ಇಳಿಯಿರಿ. ಬೋರ್ಡಿನಲ್ಲಿ ಡಾ. ದಾದಾಸಾಹೇಬ್ ಭಡ್ಕಮ್ಕರ್ ಮಾರ್ಗ ಅಂತ ಇದ್ದರೂ ಲ್ಯಾಮಿಂಗ್ಟನ್ ರೋಡ್ ಅಂದರೆ ಎಲ್ಲರಿಗೂ ಗೊತ್ತು. ಭಾನುವಾರ ಬೇಡ. ಕೆಲಸದ ದಿನ ಬೆಳಿಗ್ಗೆ ಹೋದರೆ ಪುರುಸೊತ್ತಾಗಿ ತೋರಿಸುತ್ತಾರೆ. ‘ಬಜೆಟ್ ಕಿತ್ನಾ ಹೈ?’ ಅಂತಲೇ ಶುರುಮಾಡುತ್ತಾರೆ. ನೀವು ‘ಪೆಹಲೇ ಮ್ಯಾಟ್ ಸ್ಕ್ರೀನ್ ದಿಖಾಯಿಯೇ’ ಅನ್ನಿ.

ಹಳೆಯ ಥಿಂಕ್‌ಪ್ಯಾಡ್ ಲ್ಯಾಪ್‌ಟಾಪ್ ಕೊಳ್ಳುವುದು ನನ್ನ ಪ್ರಕಾರ ಒಳ್ಳೆಯ ದಾರಿ. ಅದರ ಕೀಬೋರ್ಡ್ ಬರೆಯುವವರಿಗೆಂದೇ ಮಾಡಿದಂತಿದೆ. ಆದರೆ ಸೆಕೆಂಡ್ ಹ್ಯಾಂಡ್ ಮಾಲಿನಲ್ಲಿ ಎಂಟರ್ ಕೀಯ ಆಕಾರ ನೋಡಿ. ಎರಡು ಸಾಲಿನಷ್ಟು ಎತ್ತರವಾಗಿದ್ದರೆ ಅದು ಹೊರದೇಶದ ವಿನ್ಯಾಸ. ‘ಟ’ಗೂ ಎಂಟರಿಗೂ ನಡುವೆ ಇನ್ನೊಂದು ಕೀ ಇರುತ್ತದೆ, ಎಡಗಡೆಯ ಶಿಫ್ಟ್ ಮೊಟಕಾಗಿರುತ್ತದೆ.

ಹಂತ 5: ಡಬ್ಬಿ ಅಲ್ಲೇ ಬಿಚ್ಚಿಸಿ

ಒಂದೇ ಹೆಸರಿನ ಮಾಡೆಲ್ ಎರಡು ಮೂರು ಬಗೆಯ ಸ್ಕ್ರೀನಿನಲ್ಲಿ ಬರುತ್ತದೆ. ನೀವು ಮುಟ್ಟಿ ನೋಡಿದ್ದು ಒಂದು, ಡಬ್ಬಿಯಲ್ಲಿರುವುದು ಇನ್ನೊಂದು ಆಗಬಹುದು. ಲ್ಯಾಪ್‌ಟಾಪಿನ ತಳದ ಸ್ಟಿಕ್ಕರಿನಲ್ಲಿರುವ ಪೂರ್ತಿ ಮಾಡೆಲ್ ನಂಬರಿನ ಫೋಟೋ ತೆಗೆದುಕೊಂಡು, ಡಬ್ಬಿಯ ಮೇಲಿನದ್ದರ ಜೊತೆ ಅಕ್ಷರ ಅಕ್ಷರ ತಾಳೆ ನೋಡಿ. ಅದೇ ನಂಬರ್ ಬಿಲ್ಲಿನಲ್ಲೂ ಬರೆಸಿ. ಆನ್ ಮಾಡಿಸಿ, ಪೂರ್ತಿ ಬಿಳಿ ಮತ್ತು ಪೂರ್ತಿ ಕಪ್ಪು ಚಿತ್ರ ಹಾಕಿ ಸತ್ತ ಚುಕ್ಕೆ (ಬಣ್ಣ ಬದಲಾಗದೆ ನಿಂತದ್ದು) ಇದೆಯೇ ಹುಡುಕಿ. ಆಮೇಲೆ ಇನ್ನೊಂದು ಸಲ ಚಟ್ಟಂಬಡೆ ಟೈಪ್ ಮಾಡಿ, ದುಡ್ಡು ಕೊಡಿ.