ಪಾಳು ಆಸ್ಪತ್ರೆ ಒಳಗೆ ಫೋಟೋಗೆ ಫ್ಲ್ಯಾಶ್ ಬೇಡ

2001ರಲ್ಲಿ ಗಣಿ ಮುಚ್ಚಿದ ಮೇಲೆ ಕೆಜಿಎಫ್‌ನಲ್ಲಿ ಪಾಳು ಬಿದ್ದಿರುವಂಥ ಕಟ್ಟಡಗಳ ಒಳಗೆ ಫೋಟೋ ತೆಗೆಯುವಾಗ ಫ್ಲ್ಯಾಶ್ ಆಫ್ ಮಾಡಿ. ಫೋನನ್ನು ಇಟ್ಟಿಗೆಗೆ ಒರಗಿಸಿ, ನೈಟ್ ಮೋಡ್ ಜೊತೆ 3 ಸೆಕೆಂಡ್ ಟೈಮರ್ ಇಟ್ಟು, ಟಾರ್ಚನ್ನು ಪಕ್ಕದ ಸುಣ್ಣದ ಗೋಡೆಗೆ ಬಿಡಿ. ಫ್ಲ್ಯಾಶ್ ಲೆನ್ಸಿಗೆ ಅಂಟಿಕೊಂಡೇ ಇರುತ್ತದಲ್ವಾ, ಅದಕ್ಕೆ ಧೂಳೆಲ್ಲ ಬಿಳಿ ಉಂಡೆಗಳಾಗಿ ಬೀಳುತ್ತದೆ. ಆಮೇಲೆ ವಾಟ್ಸಾಪ್‌ನಲ್ಲಿ ‘ದೆವ್ವ’ ಅಂತ ಓಡಾಡುವುದು ಅದೇ! ಗೋಡೆಗೆ ಬಡಿದು ಪಕ್ಕದಿಂದ ಬರುವ ಬೆಳಕಿಗೆ ತುಕ್ಕು ಹಿಡಿದ ಮಂಚದ ಕಂಬಿ, ಚಕ್ಕೆ ಎದ್ದ ಗಾರೆ ಚೆನ್ನಾಗಿ ಎದ್ದು ಕಾಣುತ್ತವೆ. ಗೋಡೆ ಹೊಗೆ ಹಿಡಿದು ಕಪ್ಪಾಗಿದ್ದರೆ ಇದು ನಡೆಯಲ್ಲ. ಆಗ ಯಾರಾದರೂ ಬಿಳಿ ಪಂಚೆ ಹಿಡಿದು ನಿಲ್ಲಬೇಕು. ಕಾವಲುಗಾರರನ್ನು ಕೇಳಿಯೇ ಒಳಗೆ ಹೋಗಿ. ಬಾವಲಿ ಜಾಸ್ತಿ ಇದ್ದರೆ ಸುಮ್ನೆ ವಾಪಸ್ ಬಂದುಬಿಡಿ.