ಹಳೇ ಬೆಳ್ಳಿ ರೂಪಾಯಿ: ಗ್ರೇಡ್ ಗುರುತಿಸುವುದು ಹೇಗೆ?

ವರಮಹಾಲಕ್ಷ್ಮಿ ಪೂಜೆಯ ತಟ್ಟೆಯಲ್ಲಿ ಐದನೇ ಜಾರ್ಜ್ ದೊರೆಯ ಬೆಳ್ಳಿ ರೂಪಾಯಿ ಇಡುವ ಮನೆಗಳು ನಮ್ಮಲ್ಲಿ ಇನ್ನೂ ಇವೆ. ಹೊಸದಾಗಿ ನಾಣ್ಯ ಸಂಗ್ರಹಕ್ಕೆ ಇಳಿದವರು ಗ್ರೇಡಿಂಗ್ ಕಲಿಯಲು ಈ ರೂಪಾಯಿಯೇ ಸರಿ. 1911ರಿಂದ 1922ರವರೆಗಿನ ಇಸವಿ ಹೊತ್ತ ಇವನ್ನು ಕೋಟಿಗಟ್ಟಲೆ ಟಂಕಿಸಿದ್ದರಿಂದ ಸವೆದದ್ದು, ಹೊಸದರಂತಿರುವುದು, ಉಜ್ಜಿ ಹಾಳಾದದ್ದು ಎಲ್ಲವೂ ಕೈಗೆ ಸಿಗುತ್ತವೆ. ನಾಲ್ಕಾರನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಕಣ್ಣು ತಾನಾಗಿ ಪಳಗುತ್ತದೆ.

ಟಂಕಸಾಲೆಯಿಂದ ಹೊರಬಿದ್ದಾಗ ನಾಣ್ಯ ಹೇಗಿತ್ತೋ, ಅದರಲ್ಲಿ ಈಗ ಎಷ್ಟು ಉಳಿದಿದೆ ಎನ್ನುವುದೇ ಗ್ರೇಡ್. ನಾಣ್ಯದ ವಯಸ್ಸಿಗಾಗಲಿ, ಇಸವಿ ಅಪರೂಪವೇ ಅಲ್ಲವೇ ಎನ್ನುವುದಕ್ಕಾಗಲಿ ಇದರಲ್ಲಿ ಪಾತ್ರವಿಲ್ಲ. ವ್ಯಾಪಾರಿಗಳ ಬಾಯಲ್ಲಿ ಕೇಳುವ ಫೈನ್, ವೆರಿ ಫೈನ್, ಎಕ್ಸ್‌ಟ್ರಾ ಫೈನ್, ಯುಎನ್‌ಸಿ (ಅನ್‌ಸರ್ಕ್ಯುಲೇಟೆಡ್, ಅಂದರೆ ಚಲಾವಣೆಯಲ್ಲಿ ಸವೆಯದ್ದು) ಎಲ್ಲ ಇದರ ಮೆಟ್ಟಿಲುಗಳು. ಅಂಕಗಳ ಲೆಕ್ಕವೂ ಇದೆ: ಅಮೆರಿಕದ ವಿಲಿಯಂ ಶೆಲ್ಡನ್ 1949ರಲ್ಲಿ ಅಲ್ಲಿನ ದೊಡ್ಡ ತಾಮ್ರದ ಸೆಂಟ್‌ಗಳಿಗೆಂದು 1ರಿಂದ 70ರವರೆಗಿನ ಮಾಪನ ರೂಪಿಸಿದರು. ಪಿಸಿಜಿಎಸ್, ಎನ್‌ಜಿಸಿ ಎಂಬ ಅಮೆರಿಕದ ಗ್ರೇಡಿಂಗ್ ಕಂಪನಿಗಳು ಇಂದು ಅದನ್ನೇ ಬಳಸುತ್ತವೆ. ಫೈನ್ 12ರಿಂದ 15, ವೆರಿ ಫೈನ್ 20ರಿಂದ 35, ಎಕ್ಸ್‌ಟ್ರಾ ಫೈನ್ 40ರಿಂದ 45, ತುಸುವೇ ಸವೆದದ್ದು 50ರಿಂದ 58. ಚಲಾವಣೆಯ ಸವೆತವೇ ಇಲ್ಲದಿದ್ದರೆ 60ರಿಂದ ಮೇಲೆ.

ಮೊದಲು ತೂಕ

ಮೇಜಿನ ಮೇಲೆ ಮೆತ್ತನೆಯ ಬಟ್ಟೆ ಹಾಸಿ. ನಾಣ್ಯವನ್ನು ಅಂಚಿನಲ್ಲಷ್ಟೇ ಹಿಡಿಯಿರಿ. ಬೆರಳಿನ ಬೆವರು, ಎಣ್ಣೆ ಬೆಳ್ಳಿಯ ಮೇಲೆ ಗುರುತು ಬಿಡುತ್ತವೆ. ಈ ರೂಪಾಯಿಯ ನಿಗದಿತ ತೂಕ 11.66 ಗ್ರಾಂ, ಅಂದರೆ ಸರಿಯಾಗಿ ಒಂದು ತೊಲ. ನೂರಕ್ಕೆ 91.7 ಭಾಗ ಬೆಳ್ಳಿ. ಸವೆದ ನಾಣ್ಯ ತುಸು ಕಡಿಮೆ ತೂಗುವುದು ಸಹಜ. ಗೆರೆಗಳೆಲ್ಲ ಚೂಪಾಗಿದ್ದೂ ತೂಕ ತೀರಾ ಕಡಿಮೆ ಬಂದರೆ, ಅಂಚಿನ ಸುತ್ತಲೂ ಬೆಸುಗೆಯಂಥ ಗೀರು ಕಂಡರೆ, ಆಯಸ್ಕಾಂತಕ್ಕೆ ಅಂಟಿದರೆ ಗ್ರೇಡಿನ ಮಾತನ್ನು ಅಲ್ಲಿಗೇ ಬಿಡಿ. ಅದು ನಕಲಿ ಎಂದೇ ಅನುಮಾನಿಸಿ.

ಆಮೇಲೆ ಎತ್ತರದ ಜಾಗಗಳು

ಸವೆತ ಶುರುವಾಗುವುದು ಉಬ್ಬಿದ ಕಡೆಯಿಂದ. ದೊರೆಯ ಮುಖದ ಬದಿಯಲ್ಲಿ ಕಿವಿ, ಮೀಸೆ, ಗಡ್ಡ, ಕಿರೀಟದ ಪಟ್ಟಿ, ನಿಲುವಂಗಿಯ ಕಸೂತಿಗಳನ್ನು ಐದು ಪಟ್ಟು ದೊಡ್ಡದಾಗಿ ತೋರಿಸುವ ಲೆನ್ಸಿನಲ್ಲಿ ನೋಡಿ. ಎದೆಯ ಮೇಲಿನ ಸರದಲ್ಲಿ ಒಂದು ಪುಟ್ಟ ಆನೆ ಇದೆ. ಈ ರೂಪಾಯಿಯ ಮಟ್ಟಿಗೆ ಅದೇ ನನ್ನ ಅಳತೆಗೋಲು. ಆನೆಯ ಕಾಲು, ಸೊಂಡಿಲು, ಮೈಮೇಲಿನ ಗೆರೆ ಬಿಡಿಬಿಡಿಯಾಗಿ ಕಂಡು, ಮೇಲ್ತುದಿ ಮಾತ್ರ ಕೊಂಚ ಚಪ್ಪಟೆಯಾಗಿದ್ದರೆ ಎಕ್ಸ್‌ಟ್ರಾ ಫೈನ್. ಆನೆಯ ಆಕಾರವಿದ್ದು ಒಳಗಿನ ಗೆರೆ ಮಾಸಿದ್ದರೆ ವೆರಿ ಫೈನ್. ನಿಲುವಂಗಿಯೇ ನುಣುಪಾಗಿ ಆನೆ ಬರೀ ಗುಬುಟಾಗಿದ್ದರೆ ಫೈನ್ ಅಥವಾ ಅದಕ್ಕೂ ಕೆಳಗೆ.

1911ರ ರೂಪಾಯಿಯಲ್ಲಿ ಮಾತ್ರ ಎಚ್ಚರ. ಅದರ ಆನೆಗೆ ಸೊಂಡಿಲು ಗಿಡ್ಡ. ಹಂದಿಯಂತೆ ಕಾಣುತ್ತದೆ ಎಂಬ ಆಕ್ಷೇಪ ಎದ್ದು 1912ರ ನಾಣ್ಯದಲ್ಲಿ ಸೊಂಡಿಲನ್ನು ತಿದ್ದಿದರು. ಆ ಗಿಡ್ಡ ಸೊಂಡಿಲು ಅಚ್ಚಿನದು, ಸವೆತದ್ದಲ್ಲ.

ಅಚ್ಚೇ ಸರಿಯಾಗಿ ಒತ್ತದೆ ಚಿತ್ರ ಮಸುಕಾಗಿರುವುದೂ ಉಂಟು. ಇದನ್ನೂ ಸವೆತವನ್ನೂ ಬೇರೆ ಮಾಡಿ ನೋಡುವುದೇ ಈ ವಿದ್ಯೆಯ ಕಷ್ಟದ ಭಾಗ. ಕೋಣೆಯ ದೀಪಗಳನ್ನು ಆರಿಸಿ, ಒಂದೇ ಬಲ್ಬಿನ ಕೆಳಗೆ ನಾಣ್ಯವನ್ನು ಓರೆಯಾಗಿ ಹಿಡಿದು ನಿಧಾನವಾಗಿ ತಿರುಗಿಸಿ. ಅಚ್ಚಿನ ಒತ್ತಡಕ್ಕೆ ಲೋಹ ಹರಿದಾಗ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಗೆರೆಗಳು ಮೂಡಿರುತ್ತವೆ. ಅವುಗಳಿಂದಾಗಿ ಬೆಳಕಿನ ಪಟ್ಟಿಗಳು ನಾಣ್ಯದ ಸುತ್ತ ಓಡುತ್ತವೆ. ಮಸುಕಾದ ಜಾಗದ ಮೇಲೂ ಆ ಪಟ್ಟಿ ಕಡಿಯದೆ ಹಾದುಹೋದರೆ ಅದು ಅಚ್ಚಿನ ದೋಷ. ಅಲ್ಲಿಗೆ ಬಂದು ಬೂದುಬಣ್ಣಕ್ಕೆ ತಿರುಗಿ ಸತ್ತರೆ ಸವೆತ. ಟಿಪ್ಪುವಿನ ಆನೆಯ ಪೈಸೆಯಂಥ ಕೈಯಚ್ಚಿನ ನಾಣ್ಯಗಳಲ್ಲಿ ಲೋಹದ ಬಿಲ್ಲೆಗಿಂತ ಅಚ್ಚು ದೊಡ್ಡದಾಗಿ ಬರಹದ ಭಾಗ ಹೊರಗೆ ಉಳಿದಿರುವುದುಂಟು; ಯಂತ್ರದ ರೂಪಾಯಿಯ ಅಳತೆಯನ್ನು ಅವಕ್ಕೆ ಹಾಗೇ ಹಚ್ಚಬೇಡಿ.

ಉಜ್ಜಿದ್ದಾರೆಯೇ?

ನಮ್ಮ ಮನೆಗಳ ನಾಣ್ಯಗಳು ಸೋಲುವುದು ಇಲ್ಲಿ. ಹಬ್ಬ ಬಂತೆಂದರೆ ಹುಣಸೆಹಣ್ಣು, ವಿಭೂತಿ, ಹಲ್ಲುಪುಡಿ ಹಾಕಿ ತಿಕ್ಕುತ್ತೇವೆ. ಪೂಜೆಗೆ ಅದು ಶ್ರದ್ಧೆಯ ಕೆಲಸ, ನಾಣ್ಯಕ್ಕೆ ಮಾತ್ರ ತುಂಬಲಾರದ ನಷ್ಟ. ಹತ್ತು ಪಟ್ಟಿನ ಲೆನ್ಸಿನಲ್ಲಿ ಚಿತ್ರ, ಬರಹ ಇಲ್ಲದ ಬಯಲು ಭಾಗವನ್ನು ನೋಡಿ: ಒಂದೇ ದಿಕ್ಕಿಗೆ ಎಳೆದ ಕೂದಲೆಳೆಯಂಥ ಗೀರುಗಳು, ಜೀವವಿಲ್ಲದ ಬಿಳುಪು, ಅಕ್ಷರಗಳ ಸಂದಿಯಲ್ಲಿ ಮಾತ್ರ ಉಳಿದ ಕಪ್ಪು ಕಂಡರೆ ಉಜ್ಜಿದ್ದು ಖಚಿತ. ಸರಕ್ಕೆ ಪೋಣಿಸಲು ಕೊಂಡಿ ಬೆಸೆದು ಆಮೇಲೆ ತೆಗೆದಿದ್ದರೆ ಅಂಚಿನಲ್ಲಿ ಬೆಸುಗೆಯ ಕಲೆ ಇರುತ್ತದೆ. ಇಂಥವಕ್ಕೆ ಗ್ರೇಡಿಂಗ್ ಕಂಪನಿಗಳು ಸಾಮಾನ್ಯವಾಗಿ ಅಂಕ ಕೊಡದೆ, ಗ್ರೇಡಿನ ಮುಂದೆ ‘ಡೀಟೇಲ್ಸ್’ ಎಂದು ಬರೆದು ದೋಷ ಸೂಚಿಸುತ್ತವೆ. ಕಾಲಕ್ಕೆ ತಾನಾಗಿ ಕೂತ ಕಪ್ಪು, ನೀಲಿ, ಕಂದು ಛಾಯೆ ದೋಷವಲ್ಲ. ದಯವಿಟ್ಟು ಅದನ್ನು ತೆಗೆಯಬೇಡಿ. ಪೂಜೆಗೆ ಬೇಕಿದ್ದರೆ ಈಗಾಗಲೇ ಸವೆದ ಒಂದನ್ನು ಮೀಸಲಿಟ್ಟು ಉಳಿದವನ್ನು ಮುಟ್ಟದೆ ಇಡಿ.

ಹಿಂಬದಿಯನ್ನೂ ಹೀಗೇ ನೋಡಿ. ಕೆಳಗಿನ ತಾವರೆಯ ಅಡಿ ಉಬ್ಬಿದ ಚುಕ್ಕೆ ಇದ್ದರೆ ಬಾಂಬೆ ಟಂಕಸಾಲೆಯದು. ಎರಡು ಬದಿಯ ಗ್ರೇಡ್ ಬೇರೆಯಾದರೆ ಕಡಿಮೆ ಇರುವುದನ್ನೇ ಬರೆದುಕೊಳ್ಳಿ. ಕೊಳ್ಳುವಾಗ ಈ ಬಿಗಿ ನಿಮ್ಮ ದುಡ್ಡು ಉಳಿಸುತ್ತದೆ. ಇಸವಿ, ತೂಕ, ಗ್ರೇಡ್, ದೋಷಗಳನ್ನು ಲಕೋಟೆಯ ಮೇಲೆ ಮೊದಲೇ ಬರೆದು, ಆಮೇಲೆ ನಾಣ್ಯ ಹಾಕಿ. ಪಿವಿಸಿ ಪ್ಲಾಸ್ಟಿಕ್ ಮಾತ್ರ ಬೇಡ, ಅದು ಹಸಿರು ಅಂಟು ಬಿಡುತ್ತದೆ.

ಅಧಿಕೃತ ಅಂಕಕ್ಕಾಗಿ ನಾಣ್ಯವನ್ನು ಅಮೆರಿಕಕ್ಕೆ ಕಳಿಸುವ ಯೋಚನೆ ಇದ್ದರೆ ಕಾನೂನು ತಿಳಿದಿರಲಿ. 1972ರ ಪುರಾತನ ವಸ್ತುಗಳು ಮತ್ತು ಕಲಾ ನಿಧಿಗಳ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪುರಾತನ ವಸ್ತು. ಖಾಸಗಿಯವರು ಅದನ್ನು ದೇಶದಿಂದ ಹೊರಗೆ ಕಳಿಸುವಂತಿಲ್ಲ. ಐದನೇ ಜಾರ್ಜ್‌ನ ಈ ರೂಪಾಯಿಗಳೆಲ್ಲ ಈಗ ಆ ಗೆರೆ ದಾಟಿವೆ.